ಹುಟ್ಟು

ತೇಜೊ ನದಿಯ ದಂಡೆಯಲ್ಲಿ ನಮ್ಮೂರ ಇಗರ್ಜಿ.
ಅದರ ಗೋಡೆಗೆ ನೆರೆಯ ವರ್ಷಗಳನ್ನು ಗೀರಿಟ್ಟಿದ್ದಾರೆ:
ಮಂಡಿಯೆತ್ತರಕ್ಕೊಂದು, ಎದೆಯೆತ್ತರಕ್ಕೆ ಎರಡು,
ಗೂಡಿನಲ್ಲಿ ನಿಂತ ಸಂತನ ಗದ್ದಕ್ಕೆ ಸರಿಯಾಗಿ ಒಂದು.
ಆ ಮೇಲಿನದನ್ನು ಕೆತ್ತಿದಾತ
ದೋಣಿಯಲ್ಲಿ ನಿಂತೇ ಕೆತ್ತಿದನಂತೆ.
ಇದ್ದೀತು. ಗೀರು ಕೊಂಚ ಓಲಾಡಿದೆ.

ಪ್ರಾಂತ್ಯದ ಕಚೇರಿ ನನಗೆ ವಹಿಸಿದ್ದು ಪರಂಪರೆಯ ಪಟ್ಟಿ.
ಇಗರ್ಜಿಯ ಪಕ್ಕದ ಹಳೆಯ ಕಣಜವೇ ಈಗ ಮ್ಯೂಸಿಯಂ.
ಬರೆದೆ: ರೋಮನ್ನರ ಸೇತುವೆ, ಉಳಿದ ಕಮಾನು ಮೂರು.
ಅರಬರು ಬಿಟ್ಟುಹೋದ ನೀರೆತ್ತುವ ಗಾಲಿ,
ಈಗಲೂ ಅವರಿಟ್ಟ ಹೆಸರಿನಲ್ಲೇ ಕಿರುಗುಟ್ಟುತ್ತದೆ.
ಹೋರಿ ಕಾಯುವವರ ತೋಳಿಲ್ಲದ ಕೆಂಪಂಗಿ, ಹಸಿರು ಕುಲಾವಿ.
ವಿದ್ಯುತ್ ಕಂಬದ ತುದಿಗೆ ಕೊಕ್ಕರೆ ಕಟ್ಟಿದ ಗೂಡು:
ಇದು ಕಟ್ಟಡವೋ, ಪಕ್ಷಿಯೋ? ಎರಡೂ ಕಡೆ ಬರೆದೆ.
ಪೋಪ್ಲರ್ ಮರಗಳು: ಎಣಿಸಲು ಹೋದೆ, ಗಾಳಿ ಬಂತು, ಬಿಟ್ಟೆ.

ಆಗ ಬಂದಳು ಫೆಲಿಸ್ಮೀನಾ, ಎಂಬತ್ತಾರರ ಮುದುಕಿ,
ಸೋದರಳಿಯನ ಟ್ರ್ಯಾಕ್ಟರಿನ ಹಿಂದೆ ದೋಣಿ ಕಟ್ಟಿಸಿಕೊಂಡು.
ಟಾರು ಬಳಿದ ಹೊಟ್ಟೆ, ಬಾನಿಗೆ ಬಾಗಿದ ಮೂತಿ.
"ಇಟ್ಟುಕೊ," ಎಂದಳು, "ಕೋಳಿಗಳು ಮೊಟ್ಟೆಯಿಡುತ್ತಿವೆ ಇದರಲ್ಲಿ."

ಇವಳ ಅಜ್ಜ ಕಡಲ ಕಡೆಯವನು.
ಚಳಿಗಾಲಕ್ಕೆ ಅಲೆ ಹಲ್ಲು ಮಸೆದಾಗ
ಉಪ್ಪುನೀರು ಬಿಟ್ಟು ಸಿಹಿನೀರಿಗೆ ಬಂದ,
ಸಾವೆಲ್ ಮೀನಿನ ಬೆನ್ನು ಹತ್ತಿ.
ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತೇವೆ;
ಇವರು ದಾಟಲೇ ಇಲ್ಲ.
ಹೊಳೆಯ ಮೇಲೇ ಒಲೆ ಹೂಡಿದರು, ಹೊಳೆಯ ಮೇಲೇ ಹೆತ್ತರು.
ದಡದವರು ಮೀನು ಕೊಂಡರು, ಹೆಣ್ಣು ಕೊಡಲಿಲ್ಲ.
ನೆರೆ ಏರಿದ ರಾತ್ರಿಗಳಲ್ಲಿ ಮಾತ್ರ
ಮಾಡಿನ ಮೇಲೆ ಕುಳಿತು ಇವರದೇ ದೋಣಿಗೆ ಕೂಗಿದರು.
ಹೆಸರು ಹಿಡಿದು ಕರೆದರಂತೆ.
ಹೆಸರು ಗೊತ್ತಿತ್ತೆಂದಾಯಿತು.
ನನ್ನಜ್ಜಿಯೂ ದಡದವಳೇ. ಚೌಕಾಸಿಯಲ್ಲಿ ಗಟ್ಟಿಗಿತ್ತಿ.

ನಮೂನೆ ತೆಗೆದೆ. ಕೊಟ್ಟವರ ಹೆಸರು. ವಯಸ್ಸು.
ಹುಟ್ಟಿದ ಸ್ಥಳ?
"ಇಲ್ಲಿ," ಎಂದು ದೋಣಿಯ ಮೂತಿಗೆ ಕೈಯಿಟ್ಟಳು.
ಅಲ್ಲಮ್ಮ, ಊರು?
"ಊರು ಯಾವುದೋ. ನೀರು ಏರಿತ್ತು, ಕತ್ತಲಿತ್ತು.
ಅಪ್ಪನ ಕೈಯಲ್ಲಿ ಬಲೆ, ಬಿಡುವಂತಿರಲಿಲ್ಲ.
ನೋವು ಬಂದಾಗ ಅವ್ವ ಹುಟ್ಟು ನಿಲ್ಲಿಸಿದಳು,
ನಾನು ಬಂದ ಮೇಲೆ ಮತ್ತೆ ಹಾಕಿದಳು.
ಆ ನಡುವೆ ದೋಣಿ ಎಷ್ಟು ದೂರ ತೇಲಿತೋ
ಅಷ್ಟೂ ನನ್ನ ಊರು."

ಆ ಕಾಲಂನಲ್ಲಿ ಇದ್ದ ಜಾಗ ಒಂದೂವರೆ ಅಂಗುಲ.

ತಡೆಯುವಷ್ಟರಲ್ಲಿ ಚಪ್ಪಲಿ ಕಳಚಿ ದೋಣಿಗಿಳಿದಳು.
ಇಲ್ಲಿ ಅಪ್ಪ, ಇಲ್ಲಿ ಅವ್ವ, ಈ ಹಲಗೆಯಡಿ ನಾವು ಮೂವರು,
ಇಲ್ಲಿ ಕೆಂಡದ ಡಬ್ಬ, ಇಲ್ಲಿ ಒಣರೊಟ್ಟಿಯ ಚೀಲ,
ಮೀನುಮೊಟ್ಟೆಯ ಸಾರಿನಲ್ಲಿ ನೆನೆಹಾಕಲು
ಎನ್ನುತ್ತಾ ಮಲಗಿಯೇ ತೋರಿಸಿದಳು.
ಮಂಡಿ ಮಡಚಿದಾಗ ಸರಿಯಾಗಿ ಹಿಡಿಸಿದಳು.
ಮೇಲೆ ಹೊಳೆಗೆ ಅಣೆಕಟ್ಟು ಎದ್ದ ವರ್ಷ
ಸಾವೆಲ್ ಬರಲಿಲ್ಲ, ಎಂದಳು ಛಾವಣಿಯ ದೀಪಕ್ಕೆ.
ಕಾದೆವು. ಏಪ್ರಿಲ್ ಬಂತು. ಅದೊಂದೇ ಬಂತು.

ಹೊರಡುವಾಗ ಹುಟ್ಟೊಂದನ್ನು ಹೆಗಲಿಗೇರಿಸಿದಳು.
ಅದೂ ದಾನದಲ್ಲಿ ಸೇರಿದೆಯಲ್ಲ, ಎಂದೆ.
"ಬಟ್ಟೆಯ ಹಗ್ಗಕ್ಕೆ ಊರುಗೋಲು ಯಾರು ಕೊಡುತ್ತಾರೆ,
ನಿನ್ನ ಪ್ರಾಂತ್ಯವೇ?"
ಬರೆದುಕೊಂಡೆ:
ದೋಣಿ, ಒಂದು. ಹುಟ್ಟು, ಒಂದು.
ಇನ್ನೊಂದು ಬಳಕೆಯಲ್ಲಿದೆ.

ಬಾಗಿಲಲ್ಲಿ ತಿರುಗಿ ನಿಂತಳು. ಬೈದಳು.
ಮೂತಿ ಗೋಡೆಗಿದೆ; ಹೊಳೆಗಿರಬೇಕು.
ಟ್ರ್ಯಾಕ್ಟರಿನವ, ಕಾವಲುಗಾರ, ಪಾದ್ರಿಯ ಅಡಿಗೆಯವಳು, ನಾನು
ಎಲ್ಲ ಸೇರಿ ನೂಕಿ ತಿರುಗಿಸಿದೆವು.
ಹೊಸ ನೆಲದ ಮೇಲೆ ಉದ್ದಕ್ಕೆ ಗೀರು ಬಿತ್ತು,
ಕೊಂಚ ಓಲಾಡಿದ್ದು.